ಅವ್ವ ನೋಡದ ಸೀರಿಯಲ್ಲು

ಬಾಣಂತನ ಯಾರು ಮಾಡಬೇಕು ಎಂಬ ಪ್ರಶ್ನೆ ತಾಯಿ ಇರುವ ಯಾವ ಮನೆಯಲ್ಲೂ ಏಳುವುದಿಲ್ಲ. ನಮ್ಮ ಮನೆಯಲ್ಲಿ ಎದ್ದಿತು. ಹಾಗಂತ ನನ್ನ ತಾಯಿಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದ್ದಾಳೆ. ಹೋದ ಜೂನ್ ಕೊನೆಗೆ ಬೇಗಂಪೇಟೆಯ ಕಚೇರಿಯಲ್ಲಿ ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು ನಿವೃತ್ತಳಾಗಿ ಬಂದವಳು ನನ್ನ ಹೊಟ್ಟೆಯನ್ನೇ ನೋಡುತ್ತ ಕೂತಿದ್ದಳು. ತೊಂದರೆ ಏನೆಂದರೆ, ನನ್ನನ್ನು ಬೆಳೆಸಿದವನು ಅಪ್ಪ.

ಅಪ್ಪ ಸೂರ್ಯಕಾಂತ ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಆಪರೇಟರ್ ಆಗಿದ್ದ. ನನಗೆ ನಾಲ್ಕು ತಿಂಗಳು ತುಂಬುವಾಗ ಆ ಕಾರ್ಖಾನೆಗೆ ಬೀಗ ಬಿತ್ತು. ಅದೇ ವಾರ ಅವ್ವನ ಹೆರಿಗೆ ರಜೆ ಮುಗಿಯಿತು. ಬಾಣಂತನ ಮಾಡಲು ಇಳಕಲ್ಲಿನಿಂದ ಬಂದಿದ್ದ ಅವ್ವನ ತಾಯಿ ಊರಿಗೆ ಹೊರಟು ನಿಂತಿದ್ದಳು. "ಇನ್ನೊಂದು ನೌಕರಿ ಸಿಗೂತನಾ ಕೂಸನ್ನ ನಾ ನೋಡ್ಕೋತೀನಿ, ನೀ ಆಫೀಸಿಗೆ ನಡಿ" ಎಂದನಂತೆ ಅಪ್ಪ. ಇನ್ನೊಂದು ನೌಕರಿ ಸಿಗಲಿಲ್ಲ. ಮೊದಲ ವರ್ಷದ ನಂತರ ಅವನು ಹುಡುಕಲೂ ಇಲ್ಲ ಎಂಬುದು ನನ್ನ ಗುಮಾನಿ. ಊರಿನ ನೆಂಟರು ಬಂದಾಗ ಮಾತ್ರ ಇಸ್ತ್ರಿ ಅಂಗಿ ಹಾಕಿಕೊಂಡು, ಎಲ್ಲೋ ಹೊರಟವನ ಹಾಗೆ ಸೋಫಾದ ತುದಿಯಲ್ಲಿ ಕೂತಿರುತ್ತಿದ್ದ.

ಆ ದಿನಗಳನ್ನು ನೆನೆದರೆ ನನಗೆ ಮೊದಲು ಬರುವುದು ಸೀದ ರೊಟ್ಟಿಯ ವಾಸನೆ. ಎರಡು ಸಾವಿರದ ಮೂರರಲ್ಲಿ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ತೆಲುಗು ಟೀವಿಯಲ್ಲಿ ದಿನಾ ಸಂಜೆ ಏಳೂವರೆಗೆ ಒಂದು ಹಾಸ್ಯದ ಸೀರಿಯಲ್ಲು ಬರುತ್ತಿತ್ತು: 'ಇಂಟ್ಲೋ ನಾನ್ನ'. ಮನೆಯಲ್ಲಿ ಅಪ್ಪ ಅಂತ ಅರ್ಥ. ಒಂದೇ ಬಿಲ್ಡಿಂಗಿನಲ್ಲಿ ಮೂವರು ಗಂಡಸರು, ಮೂವರೂ ಮನೆಯಲ್ಲಿ ಕೂತು ಮಕ್ಕಳನ್ನು ನೋಡಿಕೊಳ್ಳುವವರು. ಶೇಖರಂ ಎನ್ನುವವನು ಲುಂಗಿಯನ್ನೇ ಮಡಿಚಿ ಏಪ್ರನ್ ಮಾಡಿಕೊಂಡು, ಸೌಟು ಕೈಯಲ್ಲಿ ಹಿಡಿದುಕೊಂಡೇ ಸ್ಕೂಲಿನ ಮೀಟಿಂಗಿಗೆ ಓಡುತ್ತಿದ್ದ. ಅಪ್ಪ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ, ಕುತ್ತಿಗೆ ಉದ್ದ ಮಾಡಿ ಹೊರಗಿನ ಟೀವಿ ನೋಡುತ್ತಿದ್ದ. ಹೆಂಚಿನ ಮೇಲಿನ ರೊಟ್ಟಿ ಅಲ್ಲೇ ಕರ್ರಗಾಗುತ್ತಿತ್ತು. "ಸೂರ್ಯಾ, ನಿನ್ನ ನಾಟಕದಾಗ ನನ್ನ ರೊಟ್ಟಿ ಸುಟ್ಟ ಹೋತಲ್ಲೋ!" ಎಂದು ಆಯಿ ಕೂಗುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ ಅಂಬವ್ವ. ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷ ಊರಿನಿಂದ ಬಂದು ನಮ್ಮಲ್ಲೇ ಉಳಿದವಳು. ಕೂಗಿದರೂ ಕಣ್ಣು ಮಾತ್ರ ಟೀವಿಯಿಂದ ಕೀಳುತ್ತಿರಲಿಲ್ಲ. ಎಂಥಾ ಸುಖದ ಅರ್ಧ ಗಂಟೆ ಅದು! ಬಿಲ್ಡಿಂಗಿನವರೆಲ್ಲ ಅಪ್ಪನನ್ನು ಶೇಖರಂ ಎಂದೇ ಕರೆಯುತ್ತಿದ್ದರು. ಅವನೂ ಬೇಜಾರಿಲ್ಲದೆ ಓ ಅನ್ನುತ್ತಿದ್ದ. ಅಪ್ಪನ ಕೆಲಸಕ್ಕೆ ಒಂದು ಹೆಸರು ಸಿಕ್ಕಿತ್ತು ನೋಡಿ.

ಪ್ರತಿ ಕಂತಿನ ಕೊನೆಗೂ ಒಂದೇ ತಮಾಷೆ. ಶೇಖರಂನ ಹೆಂಡತಿ ಆಫೀಸಿನಿಂದ ಬರುತ್ತಾಳೆ, ಬ್ಯಾಗಿನಿಂದ ಪೊಟ್ಟಣ ತೆಗೆಯುತ್ತಾಳೆ. ಮಗಳಿಗೆ ತಂದ ಫ್ರಾಕೋ ಬೂಟೋ ಎರಡು ಸೈಜು ಚಿಕ್ಕದಾಗಿರುತ್ತದೆ. ಮಗಳು ಬೆಳೆದದ್ದೇ ಆಕೆಗೆ ಗೊತ್ತಿಲ್ಲ. ಎಲ್ಲರೂ ಗೊಳ್ಳೆಂದು ನಗುತ್ತಾರೆ. ನಾವೂ ನಗುತ್ತಿದ್ದೆವು. ಆಮೇಲೆ ಎಂಟೂಕಾಲಿಗೆ ನಮ್ಮ ಅವ್ವ ಬರುತ್ತಿದ್ದಳು. ಎರಡು ಬಸ್ಸು ಬದಲಿಸಿ ಬಂದವಳು ಚಪ್ಪಲಿ ಬಿಡುತ್ತಲೇ, "ಯಾಕ ನಗಾಕತ್ತೀರಿ? ಏನಾತು?" ಎಂದು ತಾನೂ ನಗುಮುಖ ಮಾಡಿಕೊಂಡು ಕೇಳುತ್ತಿದ್ದಳು. "ಏನಿಲ್ಲ ಬಿಡವಾ" ಎನ್ನುತ್ತಿದ್ದೆ ನಾನು.

ನನ್ನ ಎಂಟನೇ ಹುಟ್ಟುಹಬ್ಬಕ್ಕೆ ಅವ್ವ ಒಂದು ಹಳದಿ ಫ್ರಾಕು ತಂದಳು. ತಲೆ ತೂರಿತು, ತೋಳು ತೂರಲಿಲ್ಲ. ನಾನು ಅಪ್ಪನ ಮುಖ ನೋಡಿದೆ, ಅಪ್ಪ ನನ್ನ ಮುಖ ನೋಡಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ಫ್ರಾಕನ್ನು ಮಡಿಚಿ ಬ್ಯಾಗಿನಲ್ಲಿಟ್ಟುಕೊಂಡಳು. ಆಮೇಲೆ ಅವಳು ನನಗೆ ಬಟ್ಟೆ ತರಲಿಲ್ಲ. ಹಬ್ಬ ಬಂದರೆ "ಆಕಿನ್ನ ಕರಕೊಂಡ ಹೋಗಿ ನೀವ ತಗೋರಿ" ಎಂದು ಅಪ್ಪನಿಗೆ ಹೇಳುತ್ತಿದ್ದಳು. ಅದನ್ನು ನಾನು ಗಮನಿಸಲೂ ಇಲ್ಲ.

ಈಗಿನ ಮಾತಿಗೆ ಬರುತ್ತೇನೆ. ಆಗಸ್ಟ್ ಮೊದಲ ವಾರ ನನಗೆ ಹೆಣ್ಣು ಹುಟ್ಟಿತು. ಆಸ್ಪತ್ರೆಯಿಂದ ಮಿಯಾಪುರದ ನನ್ನ ತವರಿನ ಮೂರನೇ ಮಹಡಿಯ ಫ್ಲ್ಯಾಟಿಗೆ ಬಂದ ದಿನ ಅವ್ವ ಕಪಾಟಿನಿಂದ ಒಂದು ಫೈಲು ತೆಗೆದಳು. ಕಚೇರಿಯ ಕಂದು ಫೈಲು, ಬಿಳಿ ಲಾಡಿ, ಮೇಲೆ ಗುಂಡಾದ ಅಕ್ಷರದಲ್ಲಿ 'ಬಾಣಂತನ'. ನಾನು ಬಸುರಿ ಎಂದು ತಿಳಿದಂದಿನಿಂದ ಊಟದ ಬಿಡುವಿನಲ್ಲಿ ಕಚೇರಿಯ ಹೆಂಗಸರನ್ನೆಲ್ಲ ಕೇಳಿ ಬರೆದುಕೊಂಡದ್ದು! ಎಣ್ಣೆಗೆ ಒಂದು ಹಾಳೆ, ನೀರಿಗೆ ಒಂದು, ಪಥ್ಯಕ್ಕೆ ನಾಲ್ಕು. ತೆಲುಗರು ತಿನ್ನು ಅಂದದ್ದನ್ನು ಮರಾಠಿಯವರು ಬೇಡ ಅಂದಿದ್ದರು. ಎರಡಕ್ಕೂ ಅವ್ವ ಕೆಂಪು ಗೆರೆ ಎಳೆದಿದ್ದಳು. ಕೂಸಿಗೆ ಕುಲಾಯಿ, ಅಂಗಿ ಎಲ್ಲವನ್ನೂ ಮೂರು ಮೂರು ಸೈಜಿನಲ್ಲಿ ತಂದಿಟ್ಟಿದ್ದಳು.

"ಇದೇನ ವಿಶಾಲಾ, ಕೂಸಿನ ಕೆಲಸಾನೋ ಆಡಿಟ್ಟೋ?" ಎಂದ ಅಪ್ಪ. ಅವ್ವನ ಹೆಸರು ವಿಶಾಲಾಕ್ಷಿ.

"ನೀವು ನಗಬ್ಯಾಡ್ರಿ. ನನ್ನ ಮಗಳ ಬಾಣಂತನ ನಾ ಮಾಡಾಕಿ. ಇದೊಂದರ ನನಗ ಬಿಡ್ರಿ."

"ಬಿಟ್ಟೆ ತಾಯಿ, ಬಿಟ್ಟೆ" ಎಂದು ಅಪ್ಪ ಕೈ ಎತ್ತಿದ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ರಿಟೈರ್ ಆದದ್ದು ಆಕೀನೋ, ನಾನೋ?" ಎಂದ. ನಕ್ಕೇ ಹೇಳಿದ. ಆದರೆ ಕೈ ಎಲ್ಲಿಡಬೇಕು ತಿಳಿಯದೆ ಒಗೆದ ಬಟ್ಟೆಯನ್ನೇ ಮತ್ತೆ ಮಡಿಚುತ್ತಿದ್ದ.

ಮರುದಿನ ಬಚ್ಚಲಿನಲ್ಲಿ ಅವ್ವ ಸೀರೆ ಎತ್ತಿ ಕಟ್ಟಿ, ಮಣೆಯ ಮೇಲೆ ಕಾಲು ಚಾಚಿ ಕೂತಳು. ಫೈಲು ವಾಷಿಂಗ್ ಮಷೀನಿನ ಮೇಲೆ ತೆರೆದಿತ್ತು. ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೊದಲ ತಂಬಿಗೆ ನೀರು ಹಾಕಿದ್ದೇ ತಡ, ಕೂಸು ಚೀರಿ ಒಂದು ಮಗ್ಗುಲಿಗೆ ಜಾರಿತು. ಅವ್ವ ಕಲ್ಲಾಗಿ ಕೂತುಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ನಾನು ಎದೆ ಒಡೆದು ಕೂಗಿದೆ, "ಅಪ್ಪಾ!"

ಅಪ್ಪ ಓಡಿ ಬಂದ. ಒಂದು ಕೈ ಕೂಸಿನ ಎದೆಯ ಕೆಳಗೆ, ಒಂದು ಕೈ ತಂಬಿಗೆಗೆ. ಐದು ನಿಮಿಷದಲ್ಲಿ ಎರೆದು, ಒರೆಸಿ, ಸುತ್ತಿ ನನ್ನ ಕೈಗಿಟ್ಟ. ಎರಡನೇ ದಿನವೂ ಹಾಗೇ ಆಯಿತು. ನಾಲ್ಕನೇ ದಿನಕ್ಕೆ ಮಣೆಯ ಮೇಲೆ ಅಪ್ಪ ಇದ್ದ, ಟಾವೆಲ್ ಹಿಡಿದು ಅವ್ವ ನಿಂತಿದ್ದಳು. ಕೂಸು ಕುಂಯ್ ಅಂದರೂ ನನ್ನ ಬಾಯಿಂದ ಬರುವುದು "ಅಪ್ಪಾ" ಒಂದೇ. ಕರೆದದ್ದು ತನ್ನನ್ನಲ್ಲ ಎಂದು ಗೊತ್ತಿದ್ದೂ ಅವ್ವ ಪ್ರತಿ ಸಲ ಎದ್ದು ಬರುತ್ತಿದ್ದಳು.

"ಕೂಸಿಗೆ ಕಫ ಆಗೇತಿ, ಓಮಿನ ಪೊಟ್ಟಣ ಕಾಸಿ ಒತ್ತಬೇಕು. ಫೈಲಿನ್ಯಾಗ ಬರಕೊಂಡೀನಿ" ಎಂದಳು ಒಂದು ದಿನ.

"ಒತ್ತಿ ಆತು. ಮುಂಜಾನೇನ ಒತ್ತೀನಿ" ಎಂದ ಅಪ್ಪ.

"ನನಗ ಹೇಳಬಾರದಾ?"

"ನೀ ಮಲಗಿದ್ದಿ. ಎಬ್ಬಿಸೂದು ಯಾಕಂತ."

ಅವ್ವ ತಟ್ಟೆಯಲ್ಲಿದ್ದ ಸಬ್ಬಸಿಗೆ ಪಲ್ಯವನ್ನು ಬೆರಳಿನಿಂದ ಆಚೆ ಈಚೆ ಸರಿಸಿದಳು. "ಮೂವತ್ತ ವರ್ಷ ನೀವು ನನ್ನ ಎಬ್ಬಿಸಲಿಲ್ಲ" ಎಂದಳು. ಅಪ್ಪನಿಗೆ ಅದು ಹೊಗಳಿಕೆಯಂತೆ ಕೇಳಿಸಿತು, ತಲೆ ಆಡಿಸಿದ.

ಮೂರನೇ ವಾರ ಆಯಿಗೆ ಬೇಜಾರು ಬಂತು. ಎಂಬತ್ತೇಳರ ಮುದುಕಿ, ಕೂಸು ಮಲಗಿದರೆ ಮನೆಯಲ್ಲಿ ಪಿಸುಮಾತು, ಅವಳಿಗೋ ಕಿವಿ ಮಂದ. "ಆ ಸೌಟು ಹಿಡಕೊಂಡ ಓಡತಿದ್ನಲ್ಲ, ಅವಂದು ಹಚ್ಚ" ಎಂದಳು. ಹುಡುಕಿದೆ. ಯಾರೋ ಪುಣ್ಯಾತ್ಮರು ಎಲ್ಲ ಕಂತುಗಳನ್ನೂ ಇಂಟರ್ನೆಟ್ಟಿಗೆ ಹಾಕಿದ್ದರು. ಟೀವಿಗೆ ಜೋಡಿಸಿದೆ. ಆ ಹಾಡು ಶುರುವಾದದ್ದೇ ನನಗೆ ಎದೆ ತುಂಬಿ ಬಂತು. ಅಪ್ಪ ಕೂಸನ್ನು ಭುಜಕ್ಕೆ ಹಾಕಿಕೊಂಡು ಬಂದು ನೆಲದ ಮೇಲೆ ಕೂತ. ಆಯಿ ಪ್ರತಿ ಮಾತಿಗೂ ಕೇಕೆ ಹಾಕುತ್ತಿದ್ದಳು. ಎಲ್ಲಿ ನಗಬೇಕು ಎಂಬುದು ನಮ್ಮ ಮೂವರಿಗೂ ಬಾಯಿಪಾಠ.

ನಗು ಕೇಳಿ ಅವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಕುರ್ಚಿ ಎಳೆದುಕೊಂಡು ಕೂತಳು. ಅವಳೂ ನಕ್ಕಳು, ಸೌಟಿಗೆ, ಲುಂಗಿಗೆ. ನನಗೆ ಖುಷಿಯಾಯಿತು. ಕೊನೆ ಬಂದಾಗಲೇ ನನಗೆ ನೆನಪಾದದ್ದು. ರಿಮೋಟು ಆಯಿಯ ತೊಡೆಯ ಕೆಳಗಿತ್ತು. ಹೆಂಡತಿ ಬಂದಳು, ಬ್ಯಾಗು ತೆಗೆದಳು, ಚಿಕ್ಕ ಫ್ರಾಕು ತೆಗೆದಳು. ಟೀವಿಯಲ್ಲಿ ಎಲ್ಲರೂ ಗೊಳ್ಳೆಂದರು. ಕಿವಿ ಕೇಳದ ಆಯಿ ಒಬ್ಬಳೇ ಜೊತೆಗೆ ನಕ್ಕಳು.

"ಈಕಿ ನಾನೇನು?" ಎಂದಳು ಅವ್ವ.

ಅಪ್ಪ ಕೂಸಿನ ಬೆನ್ನು ತಟ್ಟತೊಡಗಿದ.

"ಕೇಳಾಕತ್ತೀನಿ. ಆ ಹಳದಿ ಫ್ರಾಕು ತಂದಾಗ ಇಬ್ಬರೂ ಬಿದ್ದ ಬಿದ್ದ ನಕ್ಕಿದ್ರಿ. ಈಕಿನ್ನ ನೆನಸಿಕೊಂಡ ನಕ್ಕಿದ್ರೇನು?"

"ಹಳೇ ಮಾತು ಈಗ್ಯಾಕ, ವಿಶಾಲಾ?" ಎಂದ ಅಪ್ಪ.

"ನಿಮಗ ಹಳೇದು. ನನಗ ಇವತ್ತ ತಿಳೀತು. ಮಗಳ ಅಳತಿ ಗೊತ್ತಿಲ್ಲದ ಎಂಥಾ ತಾಯಿ ನಾನು ಅಂತ, ಅಂಗಡಿ ಮುಂದ ಹೋಗಾಕ ಹೆದರತಿದ್ದೆ ನಾನು!"

ನಾನಾದರೂ ತೆಪ್ಪಗಿರಬೇಕಿತ್ತು. ನಿದ್ದೆಗೆಟ್ಟ ತಲೆ, ಹಾಲು ಕಟ್ಟಿದ ಎದೆ, ಬಾಯಿ ಹರಿಯಬಿಟ್ಟೆ. "ನಾವೇನು ಮಾಡಬೇಕಿತ್ತು ಅವ್ವಾ? ನೀ ಮನ್ಯಾಗ ಇರತಿದ್ದಿಲ್ಲ. ಇದ್ದದ್ದು ಅಪ್ಪ ಒಬ್ಬನ."

"ನಾನೂ ಮನ್ಯಾಗ ಕುಂತಿದ್ರ ನಿಮ್ಮಪ್ಪನ ಹಂಚಿನ ಮ್ಯಾಲೆ ರೊಟ್ಟಿ ಎಲ್ಲಿಂದ ಬರತಿತ್ತು?"

"ಬಾಣಂತಿ ಮುಂದ ಒದರಬ್ಯಾಡವಾ" ಎಂದಳು ಆಯಿ, ಏನಾಯಿತೆಂದು ತಿಳಿಯದೆಯೇ.

ಅವ್ವ ಧ್ವನಿ ಇಳಿಸಿದಳು. "ಹೌದ್ರಿ ಅತ್ತಿ. ಒದರೂದಿಲ್ಲ. ಆಫೀಸಿನ ಸೂರ್ಯನಾರಾಯಣ ಸಾಹೇಬ್ರು ಎರಡ ಸಲ ಫೋನ್ ಮಾಡ್ಯಾರ. ರಿಟೈರ್ ಆದವರನ್ನ ಕಾಂಟ್ರಾಕ್ಟ್ ಮ್ಯಾಲೆ ತಗೊಳ್ಳಾಕತ್ತಾರಂತ. ಸೋಮವಾರದಿಂದ ಹೋಗ್ತೀನಿ. ನನ್ನ ಜಾಗಾ ಅಲ್ಲೇ ಐತಿ."

ಹೋಗಿಯೂ ಬಿಟ್ಟಳು. ಆ ವಾರ ಕೂತು ಕೆಲಸ ನೋಡುವುದು, ಶುಕ್ರವಾರ ಸಹಿ. ಸಹಿ ಹಾಕಿದರೆ ಎರಡು ವರ್ಷ ಬಿಡುವ ಹಾಗಿಲ್ಲ. ಅಪ್ಪ ಹಳೆಯ ಪದ್ಧತಿಯಂತೆ ಎಂಟು ಗಂಟೆಗೆ ಡಬ್ಬಿ ಕಟ್ಟಿಕೊಟ್ಟ. ಅವ್ವ ಮೆಟ್ರೋ ಹತ್ತಿದಳು. ಮನೆ ಮೂವತ್ತು ವರ್ಷದ ದಾರಿಗೆ ಮತ್ತೆ ಬಂತು. ಬಾಣಂತನ ಅಪ್ಪನದಾಯಿತು, ನನ್ನ ಇಷ್ಟದಂತೆಯೇ ಆಯಿತು. ಆದರೂ ಅನ್ನ ರುಚಿಸಲಿಲ್ಲ. ಫೈಲು ಎಲ್ಲಿ ಹೋಯಿತೆಂದು ಹುಡುಕಿದೆ. ಹಳೆಯ ಪೇಪರಿನ ರಾಶಿಯಲ್ಲಿ ಇಟ್ಟಿದ್ದಳು. ನನ್ನ ಗಂಡ ವೈಭವ ಫೋನಿನಲ್ಲಿ, "ನೀನು ಸಾರಿ ಹೇಳಬೇಕಿತ್ತು" ಎಂದ. ಹೇಳಿದ್ದೆ. "ಇರಲಿ ತಗೋ" ಎಂದಿದ್ದಳು ಅವ್ವ, ಕಚೇರಿಯ ಕೌಂಟರಿನ ಮುಂದೆ ನಿಂತ ಅಪರಿಚಿತರಿಗೆ ಹೇಳುವ ಹಾಗೆ.

ಗುರುವಾರ ಬೆಳಿಗ್ಗೆ ಬಿಲ್ಡಿಂಗಿನ ಮೋಟಾರು ಕೆಟ್ಟು ನೀರು ಬರಲಿಲ್ಲ. ಆ ಗಡಿಬಿಡಿಯಲ್ಲಿ ಅವ್ವ ಡಬ್ಬಿ ಮರೆತು ಹೋದಳು. ಕೂಸಿಗೆ ಎರೆಯುವುದೂ ನಿಂತಿತ್ತು, ಹೀಗಾಗಿ ಅಪ್ಪ, "ನಾನ ಕೊಟ್ಟ ಬರ್ತೀನಿ" ಎಂದು ಅಂಗಿ ಹಾಕಿಕೊಂಡು ಹೊರಟ. ಅಷ್ಟು ವರ್ಷದಲ್ಲಿ ಅವನು ಅವ್ವನ ಕಚೇರಿಯ ಮೆಟ್ಟಿಲು ಹತ್ತಿದ್ದಿಲ್ಲ. ಹೆಂಡತಿಯ ಕಚೇರಿಗೆ ಕೆಲಸವಿಲ್ಲದ ಗಂಡ ಹೋಗುವುದು ಹೇಗೆಂದು ಸಂಕೋಚ. ಆಕೆಯ ನಿವೃತ್ತಿಯ ದಿನವೂ ಹಾರ ಹಾಕುವುದನ್ನು ಫೋಟೋದಲ್ಲೇ ನೋಡಿದ್ದ.

ಮೂರು ಗಂಟೆಗೆ ಬಂದವನು ಚಪ್ಪಲಿ ಬಿಡದೆ ಸೋಫಾದ ಮೇಲೆ ಕೂತ. ನೀರು ಕೊಟ್ಟೆ. ಕುಡಿಯಲಿಲ್ಲ.

"ನಿಮ್ಮವ್ವ ಸಾಹೇಬ್ರ ಕೋಣ್ಯಾಗ ಇದ್ಲು. ಹೊರಗ ಗಂಗಾಬಾಯಿ ಅಂತ ಒಬ್ಬಾಕಿ ಅಟೆಂಡರ್, ಊಟಕ್ಕ ಕುಂತಿದ್ಲು. ಡಬ್ಬಿ ನೋಡಿ ಗುರತ ಹಿಡದ್ಲು. 'ಮೀರೇನಾ ಕಾವ್ಯಾ ನಾನ್ನ?' ಅಂದ್ಲು. ಕಾವ್ಯಾನ ಅಪ್ಪ ನೀವೇನು ಅಂತ. ಹೂಂ ಅಂದೆ. ಅಷ್ಟ ಅಂದಿದ್ದ ತಡ, ಐದಾರು ಮಂದಿ ಹೆಂಗಸರು ಸುತ್ತ ಕೂಡಿದ್ರು. ಕಾವ್ಯಾ, ಅವರಿಗೆಲ್ಲ ನೀ ಗೊತ್ತಿದ್ದಿ!"

"ನಾನಾ? ನಾ ಒಂದ ದಿನ ಅಲ್ಲಿ ಹೋಗಿಲ್ಲ."

"ಅದನ್ನ ಹೇಳಾಕತ್ತೀನಿ. ಎರಡನೇ ಕ್ಲಾಸಿನ್ಯಾಗ ನಿನಗ ಗದ್ದಬಾವು ಬಂದಿದ್ದು ಗೊತ್ತು. ಓಟದಾಗ ಮೂರನೇದಾಕಿ ಬಂದು, ಕೊಟ್ಟ ಕಪ್ ಒಗದ ಅತ್ತಿದ್ದು ಗೊತ್ತು. ಬೆಂಡಿಕಾಯಿ ಪಲ್ಯಾ ಕಿಸೇದಾಗ ಮುಚ್ಚಿಟ್ಟಿದ್ದು ಗೊತ್ತು. ನಾನು ದಿನಾ ಆಕಿ ಉಣ್ಣೂ ಹೊತ್ತಿನ್ಯಾಗ ಹೇಳತಿದ್ದೆ ನೋಡು, ಇವತ್ತ ಹಿಂಗಾತು, ಹಂಗಾತು ಅಂತ. ಆಕಿ ತಲಿ ತಗ್ಗಿಸಿ ಉಣತಿದ್ಲು, ನಿದ್ದಿಗಣ್ಣಿನ್ಯಾಗ ಕೇಳ್ತಾಳೋ ಇಲ್ಲೋ ಅನಸತಿತ್ತು. ಮರುದಿನ ಹೋಗಿ ಒಂದೂ ಬಿಡದ ಅಲ್ಲಿ ಹೇಳ್ಯಾಳ. ಹೇಳಿದವ ನಾನು ಮರತಿದ್ದೆ, ಆಕಿ ಒಂದೂ ಮರತಿಲ್ಲ."

ಅಪ್ಪ ಕಣ್ಣು ಒರೆಸಿಕೊಂಡ. "ಆ ಸೀರಿಯಲ್ ನೋಡಂತ ಅವರೆಲ್ಲ ಭಾಳ ಹೇಳಿದ್ರಂತ. 'ಅದರಕಿಂತ ಚಂದಂದು ನಮ್ಮನಿಯೊಳಗ ಐತಿ, ದಿನಾ ಕಥಿ ಕೇಳ್ತೀನಿ' ಅಂತಿದ್ಲಂತ. ಆ ಫ್ರಾಕು ಗಂಗಾಬಾಯಿಗೆ ಕೊಟ್ಟಿದ್ಲು. ಆಕಿ ಮಗಳು ಮೂರು ವರ್ಷ ಹಾಕ್ಯಾಳ. 'ಅವತ್ತ ನಿಮ್ಮಾಕಿ ಊಟ ಮಾಡಲಿಲ್ಲ' ಅಂತ ಹೇಳಿದ್ಲು ನನಗ."

ನನಗೆ ಅಳು ಬಂತು. ಬಾಣಂತಿ ಅಳಬಾರದು ಎಂದು ಆಯಿ ಗದರಿದರೂ ನಿಲ್ಲಲಿಲ್ಲ. ನಮ್ಮ ನಗುವಿನ ಆಚೆ ನಿಂತು ನನ್ನನ್ನು ಸಾಕಿದವಳು ಇನ್ನೊಬ್ಬಳಿದ್ದಳು. ಅವಳಿಗೇ ‘ನೀ ಮನ್ಯಾಗ ಇರತಿದ್ದಿಲ್ಲ’ ಎಂದಿದ್ದೆ ನಾನು.

ನಾಲ್ಕು ಗಂಟೆಗೆ ನಲ್ಲಿಯಲ್ಲಿ ನೀರು ಬಂತು. "ಅಪ್ಪಾ, ಕೂಸಿಗೆ ಎರದಬಿಡು" ಎಂದೆ.

"ಬ್ಯಾಡ. ನಿಮ್ಮವ್ವ ಬರಲಿ."

"ಬರೂದು ಏಳಾಕೈತಿ!"

"ಏಳಕ್ಕ ಎರಿಯೂಣು. ನನಗ ಬರತೈತಿ, ಆಕಿಗೆ ಬರೂದಿಲ್ಲ. ಬರೂದಿಲ್ಲ ಅಂತ ಕೈಯಾಗಿಂದ ಕಸಗೊಂಡ್ರ ಯಾವಾಗ ಬರಬೇಕು?"

"ದೀಪ ಹಚ್ಚೂ ಹೊತ್ತಿನ್ಯಾಗ ಕೂಸಿಗೆ ಯಾರರ ಎರೀತಾರೇನೋ ಖೋಡಿ!" ಎಂದು ಆಯಿ ಹಾರಾಡಿದಳು. ಅಪ್ಪ ಕೇಳಲಿಲ್ಲ. ಆರೂವರೆಗೆ ನೀರು ಕಾಯಿಸಿ, ಎಣ್ಣೆ ಬೆಚ್ಚಗೆ ಮಾಡಿ, ಮಣೆ ಹಾಕಿ ಇಟ್ಟ. ಅವ್ವ ಬಾಗಿಲಲ್ಲಿ ಬ್ಯಾಗು ಇಳಿಸುತ್ತಿದ್ದಂತೆಯೇ, "ಲಗೂ ಕೈಕಾಲು ತೊಳಕೊಂಡ ಬಾ, ನೀರು ಕಾದಾವು. ಕೂಸಿಗೆ ಇನ್ನೂ ಎರದಿಲ್ಲ" ಎಂದ.

"ಇನ್ನೂ ಎರದಿಲ್ಲಾ? ಯಾಕ, ಏನಾಗೇತಿ ಕೂಸಿಗೆ?" ಎಂದು ಅವ್ವ ಗಾಬರಿಯಾದಳು.

"ಏನಾಗಿಲ್ಲ. ನಿನ್ನ ಹಾದಿ ನೋಡಾಕತ್ತೈತಿ."

ಅವ್ವ ನನ್ನನ್ನು ನೋಡಿದಳು. ನಾನು ಕೂಸನ್ನು ಅವಳ ಕೈಯಲ್ಲಿಟ್ಟೆ. ಕಚೇರಿಯ ಸೀರೆಯನ್ನೇ ಮೊಣಕಾಲಿಗೆ ಎತ್ತಿ ಸಿಕ್ಕಿಸಿ ಅವ್ವ ಮಣೆಯ ಮೇಲೆ ಕೂತಳು. "ಜಾರತೈತ್ರಿ, ನನಗ ಹೆದರಿಕಿ" ಎಂದಳು.

"ಜಾರಿದ್ರ ಹಿಡಿ. ನಾ ಮೊದಲನೇ ದಿನ ಕಾವ್ಯಾನ್ನ ಬಕೆಟ್ಟಿನ್ಯಾಗ ಕೆಡವಿದ್ದೆ."

ಅವ್ವ ತಂಬಿಗೆ ಹಿಡಿದ ಕೈ ಅಲ್ಲೇ ನಿಲ್ಲಿಸಿದಳು. "ಏನಂದ್ರಿ?"

"ಹೌದು. ನೀ ಆಫೀಸಿಗೆ ಹೋದ ಮೊದಲನೇ ದಿನ. ತಲಿಕೆಳಗಾಗಿ ಮುಳುಗಿದ್ಲು. ಕಾಲು ಹಿಡದ ಜಗ್ಗಿದೆ. ಅದೊಂದು ನಿನಗ ಹೇಳಿರಲಿಲ್ಲ."

"ಅಯ್ಯ ನಿಮ್ಮ! ಮೂವತ್ತ ವರ್ಷ ಮುಚ್ಚಿಟ್ಟೀರಿ!" ಎಂದು ಅವ್ವ ನಗತೊಡಗಿದಳು. ನಗುತ್ತ ನಗುತ್ತಲೇ ನೀರು ಹಾಕಿದಳು. ಕೂಸು ಚೀರಿತು, ಜಾರಿತು, ಅವ್ವ ಹಿಡಿದಳು. ಆಯಿ ಹೊರಗಿನಿಂದ "ಕಿವಿಗೆ ಕೈ ಅಡ್ಡ ಹಿಡೀ" ಎಂದು ಕೂಗಿದಳು. ನಾನು ಮಧ್ಯೆ ಬಾಯಿ ಹಾಕಲಿಲ್ಲ, ತುಟಿ ಕಚ್ಚಿ ಹಿಡಿದೆ. ಹದಿನೈದು ನಿಮಿಷ ಬೇಕಾಯಿತು. ಸೀರೆ ತೊಪ್ಪೆಯಾಗಿತ್ತು. ಕೂಸು ಕೆಂಪಗೆ, ಟಾವೆಲಿನೊಳಗೆ, ಅವ್ವನ ಎದೆಗೆ ಅಂಟಿಕೊಂಡು ಸುಮ್ಮನಾಯಿತು.

ಅವ್ವ ಅದರ ತಲೆ ಒರೆಸುತ್ತ, ಯಾರನ್ನೂ ನೋಡದೆ ಹೇಳಿದಳು. "ನಾಳೆ ನಾ ಹೋಗೂದಿಲ್ಲ. ಸಹಿ ಮಾಡೂದಿಲ್ಲಂತ ಫೋನ್ ಮಾಡ್ತೀನಿ. ನಿಮಗ ಬೇಕಂದ್ರ ನೀವು ಹೋಗ್ರಿ, ಅಲ್ಲಿ ಒಂದ ಕುರ್ಚಿ ಖಾಲಿ ಐತಿ."

"ನನಗ್ಯಾರು ಕೊಡ್ತಾರ ಕುರ್ಚಿ, ಈ ವಯಸ್ಸಿನ್ಯಾಗ?" ಎಂದ ಅಪ್ಪ. ಕೆಂಡದ ಮೇಲೆ ಲೋಬಾನ ಹಾಕಿ ತಂದು ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ಧೂಪ ಹಿಡಿಯಾಕ ಒಬ್ಬರು ಬೇಕಲ್ಲ, ನಾ ಇಲ್ಲೇ ಇರ್ತೀನಿ."